ಸುಡದ ಕೈಗೆ ಕಟ್ಟಿದ ಬಟ್ಟೆ

ಕೊಟ್ಟೂರು ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನಾಗರತ್ನಳ ರೊಟ್ಟಿ ಮನೆ ಇದೆ. ಬೆಳಗಾಯಿತೆಂದರೆ ಅಲ್ಲಿ ಬಡಿಯುವ ಸದ್ದು ಶುರು. ಒಳಗೆ ಸಾಲಾಗಿ ಗ್ಯಾಸಿನ ಒಲೆಗಳು, ಒಂದೊಂದು ಒಲೆಯ ಮುಂದೆ ಒಬ್ಬೊಬ್ಬ ಹೆಂಗಸು, ಎಲ್ಲರ ಮುಖವೂ ಬಾಗಿಲ ಕಡೆಗೆ. ಬಾಗಿಲಲ್ಲಿ ಯಾರು ಬಂದರು, ಯಾರು ಹೋದರು, ಯಾರ ಸೊಸೆ ಎಂಥ ಸೀರೆ ಉಟ್ಟಳು ಎನ್ನುವುದೆಲ್ಲ ರೊಟ್ಟಿಯ ಜೊತೆಗೇ ಬೇಯುತ್ತದೆ. ಒಂದೇ ಒಂದು ಒಲೆ ಮಾತ್ರ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿಕೊಂಡಿತ್ತು. ಅದು ಪುಷ್ಪಲತಾಳ ಒಲೆ.

ಗಾಳಿ ಸುಳಿಯದ, ಮಾತಿಗೆ ಯಾರೂ ಸಿಗದ ಆ ಮೂಲೆಯನ್ನು ಅವಳಿಗೆ ಯಾರೂ ಹಂಚಿಕೊಟ್ಟಿದ್ದಲ್ಲ. ಕೆಲಸಕ್ಕೆ ಸೇರಿದ ದಿನವೇ ತಾನಾಗಿ ಕೇಳಿ ಪಡೆದಿದ್ದು. "ಬಾಗಿಲ ಬೆಳಕು ಕಣ್ಣಿಗೆ ಹೊಡಿತೈತಿ ಅಕ್ಕಾ, ನಾನು ಅತ್ಲಾಗ ತಿರುಗಿ ಕುಂದ್ರಲೇನು?" ಎಂದಿದ್ದಳು. "ಎತ್ಲಾಗರ ಕುಂದ್ರು, ರೊಟ್ಟಿ ದುಂಡಗ ಆದ್ರ ಸಾಕು" ಎಂದು ನಾಗರತ್ನ ಒಲೆಯನ್ನು ತಿರುಗಿಸಿ ಕೊಟ್ಟಿದ್ದಳು. ಕಣ್ಣಿಗೆ ಬೆಳಕು ಹೊಡೆಯುವುದೆಲ್ಲ ಬರೀ ನೆಪ. ಪುಷ್ಪಲತಾ ಎಡಚಿ. ಎಲ್ಲರೂ ಬಲಗೈಯಲ್ಲಿ ಬಡಿದು ಎಡಗೈಯಲ್ಲಿ ತಿರುವಿದರೆ, ಇವಳು ಎಡಗೈಯಲ್ಲಿ ಬಡಿದು ಬಲಗೈಯಲ್ಲಿ ತಿರುವುತ್ತಿದ್ದಳು. ನೋಡುವವರಿಗೆ ಕನ್ನಡಿಯೊಳಗೆ ಯಾರೋ ರೊಟ್ಟಿ ಬಡಿದಂತೆ ಕಾಣುತ್ತಿತ್ತು. ಇಡೀ ಕೊಟ್ಟೂರಿನಲ್ಲಿ ಅಷ್ಟು ತೆಳ್ಳಗೆ, ಅಷ್ಟು ಬೇಗ ಬಡಿಯುವ ಕೈ ಇನ್ನೊಂದಿರಲಿಲ್ಲ. ಅಂಥ ಕೈಯನ್ನು ಆಕೆ ಕದ್ದ ಮಾಲಿನ ಹಾಗೆ ಬಚ್ಚಿಟ್ಟುಕೊಂಡು ಓಡಾಡುತ್ತಿದ್ದಳು.

ಇದಕ್ಕೆಲ್ಲ ಮೂಲ ಕಾನಹೊಸಹಳ್ಳಿಯ ಅವಳ ತವರುಮನೆಯ ಅಡುಗೆಮನೆ. ಲಂಗ ಉಡುವ ವಯಸ್ಸು. ಶೀಗಿ ಹುಣ್ಣಿಮೆಗೆ ಭೂತಾಯಿಗೆ ಎಡೆ ಒಯ್ಯಲು ಹೊಲಕ್ಕೆ ಹೋಗುವ ಗಡಿಬಿಡಿಯಲ್ಲಿ ಮನೆಯ ಹೆಂಗಸರೆಲ್ಲ ರೊಟ್ಟಿಗೆ ಕೂತಿದ್ದರು. ಹುಡುಗಿ ತಾನೂ ಒಂದು ಉಂಡೆ ಹಿಟ್ಟು ಇಸಿದುಕೊಂಡು ತನ್ನ ಪಾಡಿಗೆ ಬಡಿದಳು. ಅವಳ ಜನ್ಮದ ಮೊದಲ ರೊಟ್ಟಿ ಅದು. ಹಂಚಿನ ಮೇಲೆ ಪೂರಿಯಂತೆ ಉಬ್ಬಿತು. ಹಿಗ್ಗಿನಿಂದ ಅದನ್ನು ಒಯ್ದು ದೇವರ ಬುಟ್ಟಿಯ ಮೇಲಿಟ್ಟಳು. ಸೋದರತ್ತೆ ಉಂಗುರ ತೊಟ್ಟ ಎರಡು ಬೆರಳಲ್ಲಿ ಅದನ್ನು ಎತ್ತಿ, "ಎಡಗೈ ರೊಟ್ಟಿ ದೇವ್ರಿಗೆ ಬರಂಗಿಲ್ಲ, ಆಕಳಿಗೆ ಹಾಕು ಹೋಗು" ಎಂದಳು. ಯಾರೂ ನಗಲಿಲ್ಲ, ಯಾರೂ ಬೈಯಲೂ ಇಲ್ಲ. ಹೊಲಕ್ಕೆ ಹೊತ್ತಾಗಿತ್ತು. ಆಕಳು ರೊಟ್ಟಿಯನ್ನು ಖುಷಿಯಿಂದಲೇ ತಿಂದಿತು. ಸೋದರತ್ತೆ ಸಂಜೆಯೊಳಗೆ ಅದನ್ನು ಮರೆತೂ ಬಿಟ್ಟಳು.

ಮರೆಯದವಳು ಪುಷ್ಪಲತಾ ಒಬ್ಬಳೇ. ಸೋದರತ್ತೆ ಹೇಳಿದ್ದು ಒಂದು ರೊಟ್ಟಿಯ ಮಾತು. ಅದಕ್ಕೆ ಕೈಕಾಲು, ಬಾಲ ಎಲ್ಲ ಹಚ್ಚಿ ಬೆಳೆಸಿದವಳು ಇವಳೇ. ದೇವರಿಗೆ ಬಾರದ ಕೈ ಆರತಿಗೂ ಬಾರದು ಎಂದುಕೊಂಡು ಆರತಿ ಹೊತ್ತಿಗೆ ಹಿಂದೆ ಸರಿದಳು. ಆರತಿಗೆ ಬಾರದ್ದು ಬಡಿಸುವುದಕ್ಕೆ ಬಂದೀತೇ ಎಂದುಕೊಂಡು ಪಂಕ್ತಿಯ ಹೊತ್ತಿಗೆ ಪಾತ್ರೆ ತೊಳೆಯಲು ಹೋದಳು. ಬಸುರಿಯರ ಕುಬಸಕ್ಕೆ ಕರೆದರೆ ತಲೆನೋವು, ಬಾಗಿನಕ್ಕೆ ಕರೆದರೆ ಹೊಟ್ಟೆನೋವು. ಸಂಘದ ಹೆಂಗಸರು ರಂಗೋಲಿ ಸ್ಪರ್ಧೆ ಇಟ್ಟರೆ ಆ ಓಣಿಯಲ್ಲೇ ಹಾಯುತ್ತಿರಲಿಲ್ಲ. ಸೆರಗಿನ ತುದಿಯನ್ನು ಎಡಗೈಗೆ ಸುತ್ತಿಕೊಂಡೇ ಊರೆಲ್ಲ ತಿರುಗಿದವಳು. ಇಷ್ಟೆಲ್ಲ ಮಾಡೆಂದು ಹೇಳಿದವರು ಯಾರು? ಯಾರೂ ಇಲ್ಲ. ಪಂಚಾಯ್ತಿಯೂ ಅವಳದೇ, ತೀರ್ಪೂ ಅವಳದೇ.

ಮದುವೆಯಾಗಿ ಕೊಟ್ಟೂರಿಗೆ ಬಂದ ಮೇಲೆ ಅತ್ತೆ ಅನ್ನದಾನಮ್ಮನ ಮನೆಯಲ್ಲಿ ಇನ್ನೊಂದು ಪೇಚು ಹುಟ್ಟಿತು. ಶ್ರಾವಣ ಸೋಮವಾರಗಳಲ್ಲಿ ಆ ಮನೆಯಿಂದ ಮಠದ ನೈವೇದ್ಯಕ್ಕೆ ರೊಟ್ಟಿ ಕಟ್ಟಿ ಕಳಿಸುವುದು ಹಿಂದಿನಿಂದ ಬಂದ ಪದ್ಧತಿ. ಮೊದಲ ಶ್ರಾವಣದಲ್ಲೇ ಸೊಸೆ ಕೈ ಮುಗಿದುಬಿಟ್ಟಳು. "ದೇವರ ರೊಟ್ಟಿ ನೀವ ಬಡೀರಿ ಅತ್ತಿ. ಮನಿ ಮಂದಿಗೆ ನಾನು ಬಡಿತೀನಿ." ಅನ್ನದಾನಮ್ಮ ಸೊಸೆಯ ಮುಖ ನೋಡಿ, "ಹೂಂ" ಎಂದಳು. ಅಂದಿನಿಂದ ಸೋಮವಾರ ಬೆಳಿಗ್ಗೆ ಇಬ್ಬರೂ ತಮ್ಮ ತಮ್ಮ ಪಾಲಿನದು ಬಡಿಯುವುದು, ರೊಟ್ಟಿ ಕಟ್ಟುವ ಹೊತ್ತಿಗೆ ಪುಷ್ಪಲತಾ ತಾನಾಗಿಯೇ ನೀರು ತುಂಬುವ ನೆಪದಲ್ಲಿ ಹೊರಗೆ ಹೋಗುವುದು ರೂಢಿಯಾಯಿತು. ಅವಳ ಗಂಡ ಗವಿಸಿದ್ದೇಶ್, ಗೂಡ್ಸ್ ಆಟೋ ಹೊಡೆಯುವವ, ಬಾಯಿ ಸುಮ್ಮನಿರುವ ಆಸಾಮಿಯಲ್ಲ. ಪ್ರತಿ ಶ್ರಾವಣದಲ್ಲೂ ತಾಟಿನ ಮುಂದೆ ಕೂತು, "ಸೋಮವಾರ ಬಂತಂದ್ರ ನಮ್ಮನ್ಯಾಗ ರೊಟ್ಟಿ ಹಾಸುಗಲ್ಲು ಆಗಿರ್ತಾವಲ್ಲ, ಏನ್ ಕತಿ ಇದು?" ಎನ್ನುತ್ತಿದ್ದ. ಬಡಿಸುವುದು ಅತ್ತೆ, ಪುಷ್ಪಲತಾಳಿಗೆ ಸೋಮವಾರದ ಉಪವಾಸ; ಗಂಡ ಚೇಷ್ಟೆ ಮಾಡುತ್ತಾನೆ ಎಂದು ಅವಳು ಮುಖ ತಿರುವುತ್ತಿದ್ದಳು. ಅತ್ತೆ ಏನೂ ಕೇಳದವಳ ಹಾಗೆ ಮಜ್ಜಿಗೆ ಕಡೆಯುತ್ತಿದ್ದಳು.

ಈ ಶ್ರಾವಣದಲ್ಲಿ ನಾಗರತ್ನ ಒಂದು ಸುದ್ದಿ ತಂದಳು. ಬಾಗಳಿಯ ಏಕಾಂತಪ್ಪನ ಮಗಳ ಮದುವೆ, ಹರಪನಹಳ್ಳಿಯ ಕಲ್ಯಾಣ ಮಂಟಪದಲ್ಲಿ. ಆತ ದಾವಣಗೆರೆಯ ಯಾವುದೋ ಮದುವೆಯಲ್ಲಿ ಊಟದ ಹಾಲಿನೊಳಗೇ ಹೆಂಗಸರು ಕೂತು ಬಿಸಿ ರೊಟ್ಟಿ ಬಡಿದು ಹಾಕಿದ್ದನ್ನು ನೋಡಿಬಂದಿದ್ದ. ತನ್ನ ಮಗಳ ಮದುವೆಗೂ ಅಂಥದೇ ಲೈವ್ ಕೌಂಟರ್ ಬೇಕು, ಜನರ ಕಣ್ಣೆದುರೇ ರೊಟ್ಟಿ ಉಬ್ಬಬೇಕು ಎಂದು ಹಟ ಹಿಡಿದಿದ್ದ. ಹೊರಗಿನ ಕೆಲಸಕ್ಕೆ ನಾಗರತ್ನಳ ಜೊತೆ ಹೋಗುತ್ತಿದ್ದ ಹೊನ್ನೂರಮ್ಮ ಮಗಳ ಬಾಣಂತನಕ್ಕೆಂದು ಹಗರಿಬೊಮ್ಮನಹಳ್ಳಿಗೆ ಹೋಗಿ ಕೂತಿದ್ದಳು.

"ಬರೋ ಐತವಾರ ನೀನು, ನಾನು ಹೋಗಾಣು ಪುಷ್ಪಾ" ಎಂದಳು ನಾಗರತ್ನ.

ಪುಷ್ಪಲತಾಳ ಹಂಚಿನ ಮೇಲಿನ ರೊಟ್ಟಿ ಸೀದು ಕರಿಕಾಯಿತು. ರೊಟ್ಟಿ ಮನೆಯಲ್ಲಿ ಅವಳ ಕೈಯಿಂದ ರೊಟ್ಟಿ ಸೀದದ್ದನ್ನು ಯಾರೂ ನೋಡಿರಲಿಲ್ಲ. "ನನಗ ಆಗಂಗಿಲ್ಲ ಅಕ್ಕಾ, ಬ್ಯಾರೆ ಯಾರನ್ನರ ಕರ್ಕೊಂಡು ಹೋಗು" ಎಂದಳು.

"ಯಾರನ್ನ ಕರ್ಕೊಂಡು ಹೋಗ್ಲಿ? ಉಳಿದೋರು ಒಂದು ರೊಟ್ಟಿ ಬಡಿಯೋದ್ರಾಗ ನೀನು ಮೂರು ಬಡಿತಿ. ನೀನು ಬರಲ್ಲಂದ್ರ ನಾನು ಏಕಾಂತಪ್ಪಗ ಇಲ್ಲ ಅನ್ಬೇಕು. ಒಪ್ಕೊಂಡು ಇಲ್ಲ ಅಂದೋರನ್ನ ಯಾರರ ಮತ್ತ ಕರಿತಾರೇನು?" ನಾಗರತ್ನ ಅಷ್ಟು ಹೇಳಿ ಹಿಟ್ಟಿನ ಚೀಲ ಎಳೆಯಲು ಹೋದಳು. ಜೋರು ಮಾಡಿದ್ದರೆ ಪುಷ್ಪಲತಾ ತಿರುಗಿ ಬೀಳುತ್ತಿದ್ದಳೋ ಏನೋ. ಅವಳು ಜೋರು ಮಾಡಲಿಲ್ಲ, ಅದೇ ಫಜೀತಿ ಆಯಿತು.

ಆ ವಾರವಿಡೀ ಪುಷ್ಪಲತಾ ಕಾಲು ಸುಟ್ಟ ಬೆಕ್ಕಿನ ಹಾಗೆ ಮನೆ ತುಂಬ ಓಡಾಡಿದಳು. ತೊಳೆದ ಚರಿಗೆಯನ್ನೇ ಮತ್ತೆ ತೊಳೆದಳು. ಆಗುವುದಿಲ್ಲ ಎಂದು ಹೇಳಿ ಬರೋಣವೆಂದು ನಾಗರತ್ನಳ ಮನೆಯ ತನಕ ಹೋಗಿ, ಅವಳು ಅಂಗಳದಲ್ಲಿ ಮದುವೆಗೆಂದು ಹೊಸ ಹಂಚುಗಳನ್ನು ಉಜ್ಜುತ್ತ ಕೂತಿದ್ದನ್ನು ನೋಡಿ ಮಾತಾಡದೆ ತಿರುಗಿ ಬಂದಳು. ಕೂತರೆ ನಿಲ್ಲಬೇಕು ಅನಿಸುತ್ತಿತ್ತು, ನಿಂತರೆ ಎಲ್ಲಿಗಾದರೂ ಹೋಗಬೇಕು ಅನಿಸುತ್ತಿತ್ತು. ಕಣ್ಣು ಮುಚ್ಚಿದರೆ ಹರಪನಹಳ್ಳಿಯ ಆ ಊಟದ ಹಾಲು, ತಾಟು ಹಿಡಿದು ಸಾಲುಗಟ್ಟಿದ ಜನ, ಅವರಲ್ಲಿ ಯಾರೋ ಎರಡು ಬೆರಳಲ್ಲಿ ರೊಟ್ಟಿ ಎತ್ತಿ ಪಕ್ಕಕ್ಕಿಡುವುದು. ಆ ಬೆರಳುಗಳಿಗೆ ಸೋದರತ್ತೆಯ ಉಂಗುರ.

ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಬಲಗೈಗೆ ಬುದ್ಧಿ ಕಲಿಸಲು ಕೂತಳು. ಎಡಗೈಯನ್ನು ಬೆನ್ನ ಹಿಂದೆ ಹಿಡಿದುಕೊಂಡು ಬಲಗೈಯಲ್ಲಿ ಬಡಿದಳು. ಹಿಟ್ಟು ಒಂದು ಕಡೆ ಓಡಿತು, ಇನ್ನೊಂದು ಕಡೆ ಸೀಳಿತು. ತಯಾರಾದ ರೊಟ್ಟಿ ಹಡಗಲಿ ತಾಲೂಕಿನ ನಕಾಶೆಯಂತಿತ್ತು, ಹೊಳೆಯ ಅಂಚು ಸಮೇತ. ಸಿಟ್ಟು ಬಂದು ಬಲಗೈಗೆ ಎಡಗೈಯಿಂದಲೇ ಒಂದು ಬಾರಿಸಿದಳು. ರಾತ್ರಿ ಊಟಕ್ಕೆ ಕೂತ ಗವಿಸಿದ್ದೇಶ್ ಆ ರೊಟ್ಟಿಯನ್ನು ಮುರಿಯಲು ನೋಡಿ, "ಇವತ್ತು ಸೋಮವಾರ ಅಲ್ಲಲ್ಲಲೇ!" ಎಂದ. ಅನ್ನದಾನಮ್ಮ ಕೆಮ್ಮುತ್ತ ಎದ್ದು ಹೋದಳು.

ದಾರಿ ಕಾಣಿಸಿದ್ದು ಕೂಡ್ಲಿಗಿ ಬಸ್ಸಿನಲ್ಲಿ. ಸಂಬಂಧಿಕರ ಮನೆಯ ಕೂಸಿನ ತೊಟ್ಟಿಲ ಶಾಸ್ತ್ರಕ್ಕೆಂದು ಹೊರಟಿದ್ದಳು. ಎದುರು ಸೀಟಿನ ಹುಡುಗನೊಬ್ಬ ಎಡಗೈಯಲ್ಲಿ ದುಡ್ಡು ಚಾಚಿದ್ದಕ್ಕೆ ಕಂಡಕ್ಟರ್, "ಬಲಗೈ ಏನು ಮನಿಯಾಗ ಇಟ್ಟು ಬಂದೀಯೇನು?" ಎಂದು ಗದರಿದ. ಅದೇ ಕಂಡಕ್ಟರ್ ಎರಡು ಸೀಟು ದಾಟಿ ಬಂದು, ಬಲಗೈಗೆ ದೊಡ್ಡ ಪಟ್ಟಿ ಕಟ್ಟಿಕೊಂಡಿದ್ದ ಒಬ್ಬ ಗಂಡಸು ಎಡಗೈಯಲ್ಲಿ ಕೊಟ್ಟ ದುಡ್ಡನ್ನು ಚಕಾರ ಎತ್ತದೆ ಇಸಿದುಕೊಂಡ. ಅಷ್ಟೇ ಅಲ್ಲ, "ಹೆಂಗ ಆತಣ್ಣಾ? ಜ್ವಾಕಿ" ಎಂದು ಕನಿಕರವನ್ನೂ ತೋರಿಸಿದ. ಪುಷ್ಪಲತಾ ಆ ಪಟ್ಟಿಯನ್ನೇ ನೋಡುತ್ತ ಕೂತಳು. ಕೂಡ್ಲಿಗಿ ಬಂದದ್ದೂ ಗೊತ್ತಾಗಲಿಲ್ಲ. ಬಲಗೈ ಸುಟ್ಟವಳು ಎಡಗೈಯಲ್ಲಿ ಬಡಿದರೆ ಯಾರು ಏನಂದಾರು? ವಾರದಿಂದ ಅನ್ನ ಇಳಿಯದ ಗಂಟಲಲ್ಲಿ ಅಂದು ತೊಟ್ಟಿಲಿನ ಹೋಳಿಗೆ ಸಲೀಸಾಗಿ ಇಳಿಯಿತು. ಬಚ್ಚಿಟ್ಟುಕೊಳ್ಳಲು ಇನ್ನೊಂದು ಜಾಗ ಸಿಕ್ಕರೆ ಎಷ್ಟು ಹಗುರ ಅನಿಸುತ್ತದೆ ನೋಡಿ.

ಭಾನುವಾರ ಬೆಳಿಗ್ಗೆ ಗಂಡನ ಹಳೆಯ ಬಿಳಿ ಪಂಚೆಯನ್ನು ಉದ್ದಕ್ಕೆ ಹರಿದು, ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಬಲಗೈಗೆ ಸುತ್ತುತ್ತಿದ್ದಳು. ಅನ್ನದಾನಮ್ಮ ಒಳಗೆ ಬಂದಳು.

"ಏನಾತು ಕೈಗೆ?"

"ಹಂಚು ತಾಗಿತ್ರಿ ಅತ್ತಿ."

"ಯಾವಾಗ?"

"ಈಗ."

ಅನ್ನದಾನಮ್ಮ ಒಲೆಯ ಕಡೆ ನೋಡಿದಳು. ಒಲೆಯನ್ನು ಅಂದು ಇನ್ನೂ ಯಾರೂ ಹಚ್ಚಿರಲಿಲ್ಲ. ಪುಷ್ಪಲತಾಳಿಗೂ ಅದು ಆಗಲೇ ಹೊಳೆದು ಮುಖ ಹುಳ್ಳಗಾಯಿತು. ಈಗ ಕೈ ತೋರಿಸು ಅನ್ನುತ್ತಾಳೆ, ಲೋಳೆಸರ ಹಚ್ಚುತ್ತೇನೆ ಅನ್ನುತ್ತಾಳೆ ಎಂದು ಕೈ ಹಿಂದಕ್ಕೆಳೆದುಕೊಂಡಳು. ಮುದುಕಿ ಯಾವುದನ್ನೂ ಅನ್ನಲಿಲ್ಲ. "ತಾ ಇಲ್ಲಿ. ಹಿಂಗ ಕಟ್ಟಿದ್ರ ಹರಪನಹಳ್ಳಿ ಮುಟ್ಟೋದ್ರಾಗ ಬಿಚ್ಚಿ ಹೋಗ್ತೈತಿ" ಎಂದು ಬಟ್ಟೆಯನ್ನು ಬಿಡಿಸಿ, ಗಾಯವಿಲ್ಲದ ಅಂಗೈಯನ್ನು ನೋಡಿಯೂ ನೋಡದವಳ ಹಾಗೆ, ಮತ್ತೆ ಸುತ್ತಿ ಮಣಿಕಟ್ಟಿನ ಮೇಲೆ ಗಂಟು ಹಾಕಿದಳು. ಪುಷ್ಪಲತಾಳಿಗೆ ಅತ್ತೆಯ ಮುಖ ನೋಡುವ ಧೈರ್ಯ ಆಗಲಿಲ್ಲ. ವ್ಯಾನು ಓಣಿಯ ತುದಿಯಲ್ಲಿ ಹಾರ್ನ್ ಹೊಡೆಯುತ್ತಿತ್ತು.

ವ್ಯಾನಿನಲ್ಲಿ ನಾಗರತ್ನ ಪಟ್ಟಿ ನೋಡಿ ಗಾಬರಿಯಾದಳು. "ಆಗ್ತೈತೇನು? ನಿಜ ಹೇಳು" ಎಂದಳು. "ಬಡಿಯಾಕ ಎಡಗೈ ಐತಲ್ಲ ಅಕ್ಕಾ" ಎಂದಳು ಪುಷ್ಪಲತಾ, ಏನೋ ಅನಿವಾರ್ಯಕ್ಕೆ ಎಡಗೈ ಬಳಸುವವಳ ಹಾಗೆ. ನಾಗರತ್ನ ಅವಳನ್ನು ವಿಚಿತ್ರವಾಗಿ ನೋಡಿದಳು.

ಮಂಟಪದ ಊಟದ ಹಾಲಿನಲ್ಲಿ, ಬಾಗಿಲಿಗೆ ಎದುರಾಗಿ, ಎಲ್ಲರಿಗೂ ಕಾಣುವಂತೆ ಮೇಜಿನೆತ್ತರದ ಕಟ್ಟೆ ಮಾಡಿ ಎರಡು ಒಲೆ ಇಟ್ಟಿದ್ದರು. ಹಿಂದೆ ಗೋಡೆ ಇತ್ತು, ಆದರೆ ಅದಕ್ಕೆ ಮುಖ ಮಾಡಿ ನಿಲ್ಲುವ ಹಾಗಿರಲಿಲ್ಲ. ಮುಹೂರ್ತ ಮುಗಿದದ್ದೇ ಜನ ಹರಿದು ಬಂದರು. ಪುಷ್ಪಲತಾ ತಲೆ ತಗ್ಗಿಸಿ ಬಡಿಯತೊಡಗಿದಳು. ಮೊದಲ ರೊಟ್ಟಿ ಹಂಚಿನ ಮೇಲೆ ಉಬ್ಬಿದಾಗ ಎದುರಿಗಿದ್ದ ಮಕ್ಕಳು ಹೋ ಎಂದರು, ಯಾರೋ ಮೊಬೈಲು ಎತ್ತಿ ವಿಡಿಯೊ ಮಾಡಿಕೊಂಡರು. "ಅಯ್ಯೋ ಪಾಪ, ಬಲಗೈ ಸುಟ್ಕೊಂಡಾಳ, ಎಡಗೈಲೆ ಹೆಂಗ ಬಡಿತಾಳ ನೋಡ್ರಿ" ಎಂದಿತು ಒಂದು ದನಿ. ಅವಳಿಗೆ ಬೇಕಾಗಿದ್ದು ಇದೇ ಮಾತು. ಸಿಕ್ಕಿತು. ಆದರೆ ಈ ಎಡಗೈಗೆ ಬಂದ ಮೊದಲ ಹೊಗಳಿಕೆ ಸುಳ್ಳಿನ ಪಾಲಾಯಿತಲ್ಲ ಎಂದು ಒಳಗೆ ಉರಿಯಿತು.

ಪಟ್ಟಿ ಬೇರೆ ಕೈಕೊಟ್ಟಿತು. ಎಡಗೈ ಬಡಿಯುವುದೇನೋ ಸರಿ, ಹಿಟ್ಟು ತಿರುವುವುದು, ರೊಟ್ಟಿ ಎತ್ತಿ ಹಂಚಿಗೆ ಹಾಕುವುದು ಬಲಗೈಯ ಕೆಲಸ. ಸ್ವಲ್ಪ ಹೊತ್ತಿಗೆಲ್ಲ ಬಿಳಿಯ ಬಟ್ಟೆ ಹಿಟ್ಟು ನೀರು ಕುಡಿದು ಮುದ್ದೆಯಾಗಿ, ಹಂಚಿನ ಮಸಿ ಹತ್ತಿ, ನೋಡುವವರಿಗೆ ಕೀವು ಸೋರಿದಂತೆ ಕಾಣತೊಡಗಿತು. ಸಾಲಿನಲ್ಲಿದ್ದ ಒಬ್ಬಳು ತಾಟು ಹಿಂದಕ್ಕೆಳೆದುಕೊಂಡಳು. ಅವಳ ಹಿಂದಿನವಳು, "ಗಾಯದ ಕೈಲೆ ಹಿಟ್ಟು ಮುಟ್ತಾಳಲ್ಲ" ಎಂದು ಮೂಗು ಮುರಿದಳು. ಸಾಲು ಕರಗಿ ಚಪಾತಿಯ ಕಡೆ ಹರಿಯಿತು. ಬುಟ್ಟಿಯಲ್ಲಿ ರೊಟ್ಟಿ ಉಳಿಯತೊಡಗಿದವು. ಪುಷ್ಪಲತಾಳಿಗೆ ನಗಬೇಕೋ ಅಳಬೇಕೋ ತಿಳಿಯದಾಯಿತು. ಜನ ತನ್ನ ರೊಟ್ಟಿ ಬೇಡ ಅನ್ನುವ ಗಳಿಗೆಗೆ ಜನ್ಮವಿಡೀ ಹೆದರಿದ್ದಳು. ಆ ಗಳಿಗೆ ಕಣ್ಣೆದುರು ಬಂದು ನಿಂತಿತ್ತು. ಅದನ್ನು ಕರೆತಂದಿದ್ದು ಎಡಗೈ ಅಲ್ಲವೇ ಅಲ್ಲ, ಎಡಗೈ ಮುಚ್ಚಲು ಕಟ್ಟಿದ ಬಟ್ಟೆ.

ಅಷ್ಟರಲ್ಲಿ ಏಕಾಂತಪ್ಪ ಬಂದ. ಹೆಣ್ಣಿನ ತಂದೆ, ಬೆಳಗಿನಿಂದ ಓಡಾಡಿ ದಣಿದಿದ್ದ, ಬೀಗರ ಕಡೆಯವರು ಏನೋ ಅಂದಿದ್ದರು. ಸಿಟ್ಟೆಲ್ಲ ನಾಗರತ್ನಳ ಮೇಲೆ ಇಳಿಯಿತು. "ಏನಮ್ಮಾ ಇದು? ಗಾಯ ಆದಾಕಿನ್ನ ಕರ್ಕೊಂಡು ಬಂದು ರೊಟ್ಟಿ ಬಡಿಸ್ತೀಯಲ್ಲ! ಬೀಗರ ಮುಂದ ನನ್ನ ಮರ್ಯಾದಿ ಏನಾತು? ಆಕಿ ಮ್ಯಾಲರ ಕನಿಕರ ಬ್ಯಾಡೇನು ನಿನಗ?"

ಪಕ್ಕದಲ್ಲಿ ತೆಲಿಗಿ ಊರಿನ ಒಬ್ಬ ಅಜ್ಜಿ ತಾಟು ಹಿಡಿದು ನಿಂತಿದ್ದಳು. ಅವಳೂ ದನಿಗೂಡಿಸಿದಳು. "ಹೌದೌದು, ಸುಟ್ಟ ಕೈಲಿ ದುಡಿಸ್ಕೊಳ್ಳೋದು ಒಳ್ಳೇದಲ್ಲ ತಾಯಿ."

ನಾಗರತ್ನ, ಆಕೆಯೇ ಕಟ್ಟಿಕೊಂಡು ಬಂದಿದ್ದಾಳೆ, ನಾನೇನು ಮಾಡಲಿ ಅನ್ನಬಹುದಿತ್ತು. ಅನ್ನಲಿಲ್ಲ. "ತಪ್ಪಾತು ಯಜಮಾನ್ರ. ಆಕಿ ಕುಂದ್ರಲಿ, ನಾನೊಬ್ಬಾಕಿನ ಬಡಿತೀನಿ" ಎಂದು ತನ್ನ ಹಂಚಿನ ಕಡೆ ತಿರುಗಿದಳು. ಅವಳ ಕಿವಿ ಕೆಂಪಗಾಗಿದ್ದವು.

ಆ ಕಿವಿಗಳನ್ನು ನೋಡಿ ಪುಷ್ಪಲತಾಳಿಗೆ ತಡೆಯಲಾಗಲಿಲ್ಲ. ತನ್ನ ಬಗ್ಗೆ ಎಷ್ಟು ಬೇಕಾದರೂ ತಾಳಿಕೊಂಡಿದ್ದವಳು. ಗೋಡೆ ನೋಡುತ್ತ ಕೂರು ಎಂದರೆ ಇನ್ನೂ ಹತ್ತು ವರ್ಷ ಕೂತಿರುತ್ತಿದ್ದಳು. ಆದರೆ ತನ್ನ ಸುಳ್ಳಿಗೆ ಇನ್ನೊಬ್ಬಳು ಎಲ್ಲರೆದುರು ತಲೆ ತಗ್ಗಿಸುವುದು ಅವಳ ಕೈಲಿ ಆಗಲಿಲ್ಲ. ಮಣಿಕಟ್ಟಿನ ಗಂಟಿಗೆ ಎಡಗೈ ಹಾಕಿದಳು. ಅತ್ತೆ ಹಾಕಿದ ಗಂಟು, ಗಟ್ಟಿಯಾಗಿದ್ದೀತು ಅಂದುಕೊಂಡಿದ್ದಳು. ಒಂದು ಎಳೆತಕ್ಕೆ ಬಿಚ್ಚಿಕೊಂಡಿತು. ಒದ್ದೆ ಬಟ್ಟೆಯನ್ನು ಸುರುಳಿ ಸುರುಳಿಯಾಗಿ ಬಿಚ್ಚಿ ಕಟ್ಟೆಯ ಕೆಳಗೆ ಒಗೆದು, ಬಲಗೈಯನ್ನು ಏಕಾಂತಪ್ಪನ ಮುಖದೆದುರು ಹಿಡಿದಳು.

"ಕೈ ಸುಟ್ಟಿಲ್ಲರಿ. ಅಕ್ಕಂದು ಏನೂ ತಪ್ಪಿಲ್ಲ. ನಾನು ಎಡಚಿ. ಹುಟ್ಟಿದಾಗಿಂದ ಎಡಗೈಲೆ ರೊಟ್ಟಿ ಬಡಿತೀನಿ. ನೀವೆಲ್ಲ ನೋಡಿ ಏನಂತೀರೋ ಅಂತ ಹೆದರಿ ಬಟ್ಟಿ ಕಟ್ಕೊಂಡು ಸುಳ್ಳು ಹೇಳಿದೆ."

ದನಿ ಅವಳು ಅಂದುಕೊಂಡಿದ್ದಕ್ಕಿಂತ ಜೋರಾಗಿಯೇ ಬಂತು. ಚಪಾತಿಯ ಸಾಲಿನವರೂ ಇತ್ತ ತಿರುಗಿದರು. ಏಕಾಂತಪ್ಪ ಅಂಗೈಯನ್ನೊಮ್ಮೆ, ಅವಳ ಮುಖವನ್ನೊಮ್ಮೆ ನೋಡಿದ. ಹಿಂದಿನಿಂದ ಯಾರೋ ಕಿಸಕ್ಕೆಂದರು. ಬಿಳಿ ಅಂಗಿಯ ಹಿರಿಯರೊಬ್ಬರು, ತಾಟಿನಲ್ಲಿದ್ದ ರೊಟ್ಟಿಯನ್ನು, ಹೌದು, ಎರಡೇ ಬೆರಳಲ್ಲಿ ಎತ್ತಿ, ಕಟ್ಟೆಯ ಮೇಲಿಟ್ಟು ಹೋದರು. ಪುಷ್ಪಲತಾ ಅದನ್ನು ನೋಡಿದಳು. ಇಷ್ಟು ವರ್ಷ ಯಾವುದಕ್ಕೆ ಹೆದರಿ ನಡುಗಿದ್ದಳೋ ಅದು ನಡೆದೇ ಹೋಯಿತು. ನಡೆದು ಮುಗಿದೂ ಹೋಯಿತು. ಹಿರಿಯರು ಹೋದರು, ಮಂಟಪ ಅಲ್ಲೇ ಇತ್ತು, ಒಲೆ ಉರಿಯುತ್ತಲೇ ಇತ್ತು, ಅವಳು ನಿಂತೇ ಇದ್ದಳು.

ತೆಲಿಗಿಯ ಅಜ್ಜಿ ಆ ಅಂಗೈಯ ಮೇಲೆ ಬಾಗಿ ನೋಡಿ, "ಹಂಗಾರ ಕೈಗೆ ಏನೂ ಆಗಿಲ್ಲ?" ಎಂದಳು.

"ಇಲ್ಲಜ್ಜಿ."

"ಮತ್ತೇನು ನೋಡ್ತೀಯ? ಕೈ ತೊಳ್ಕೊಂಡು ಬಿಸೀದು ಒಂದು ಹಾಕು. ನನಗ ಗಟ್ಟಿ ರೊಟ್ಟಿ ಹಲ್ಲಿಗೆ ಬರಲ್ಲ."

ಪುಷ್ಪಲತಾ ಎರಡೂ ಕೈ ತೊಳೆದಳು. ಹಳೆಯ ಹಿಟ್ಟನ್ನು ತೆಗೆದಿಟ್ಟು ಹೊಸ ಹಿಟ್ಟು ನಾದಿ, ಈ ಸಲ ತಲೆ ಎತ್ತಿಕೊಂಡೇ ಬಡಿದಳು. ಎರಡೂ ಕೈ ಬಿಡುವಾಗಿದ್ದಕ್ಕೆ ಅದೇನು ವೇಗ ಬಂತೋ, ನಾಗರತ್ನಳ ಹಂಚು ಕಾಯುವುದರೊಳಗೆ ಇವಳದು ಬುಟ್ಟಿಗೆ ಬೀಳುತ್ತಿತ್ತು. ಅಜ್ಜಿ ಅಲ್ಲಿಂದ ಕದಲದೆ ಎರಡು ತಿಂದು, ಮೂರನೆಯದಕ್ಕೂ ತಾಟು ಒಡ್ಡಿದಳು. ಅಜ್ಜಿಯ ಹಿಂದೆ ಒಬ್ಬಳು ನಿಂತಳು, ಅವಳ ಹಿಂದೆ ಇಬ್ಬರು. ಎಲ್ಲರೂ ಬಂದರು ಎಂದಲ್ಲ. ಕೆಲವರು ಕೊನೆಯ ತನಕ ಚಪಾತಿಯ ಕಡೆಯೇ ಉಳಿದರು. ಏಕಾಂತಪ್ಪ ಆಮೇಲೆ ಗದ್ದಲ ಕಡಿಮೆಯಾದ ಮೇಲೆ ತಾನೂ ಒಂದು ತಾಟು ಹಿಡಿದು ಬಂದು, ರೊಟ್ಟಿ ಹಾಕಿಸಿಕೊಂಡು ಹೋದ.

ತಿರುಗಿ ಬರುವಾಗ ವ್ಯಾನಿನಲ್ಲಿ ನಾಗರತ್ನ ಹಂಚುಗಳನ್ನು ಗೋಣಿಯಲ್ಲಿ ಸುತ್ತಿಟ್ಟಳು. ಆಮೇಲೆ ಒಮ್ಮೆಲೇ, "ನಿನ್ನ ಎಡಗೈ ನಮಗ್ಯಾರಿಗೂ ಗೊತ್ತಿಲ್ಲಂತ ತಿಳ್ಕೊಂಡಿದ್ದೇನು? ಒಂದ ಮನ್ಯಾಗ ಕುಂತು ಬಡಿತೀವಲೇ. ನಮಗೇನು ಕಣ್ಣಿಲ್ಲೇನು?" ಎಂದಳು.

"ಮತ್ತ ಒಂದಿನಾನೂ ಅನ್ನಲಿಲ್ಲಲ್ಲ?"

"ಏನನ್ಬೇಕಿತ್ತು? ನಿನಗ ಗೋಡಿ ಬೇಕಾಗಿತ್ತು, ಕೊಟ್ಟೆ. ಆದ್ರ ಇವತ್ತು ಪಟ್ಟಿ ನೋಡಿ ಖರೇನ ಸುಟ್ಟೈತಿ ಅಂದ್ಕೊಂಡೆ ನೋಡು. ನಿನ್ನ ಸಲುವಾಗಿ ಬೈಸ್ಕೊಂಡೆ. ಅದಕ್ಕ ನಾಳೆ ನನಗೊಂದು ಚಾ ಕುಡಿಸ್ಬೇಕು ನೀನು."

ಮನೆಗೆ ಬಂದಾಗ ಸಂಜೆಯ ಬೆಳಕು ಇನ್ನೂ ಇತ್ತು. ಅನ್ನದಾನಮ್ಮ ಕಟ್ಟೆಯ ಮೇಲೆ ಕೂತು ಮೊಣಕೈಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಸೊಸೆಯ ಬರಿಗೈ ನೋಡಿ, "ಬಿಚ್ಚಿದೇನು?" ಎಂದಳು.

"ಬಿಚ್ಚಿದೆ."

"ಒಂದ ಎಳಿತಕ್ಕ ಬಿಚ್ಲಿ ಅಂತ ಜಾರುಗಂಟು ಹಾಕಿದ್ದೆ."

ಪುಷ್ಪಲತಾ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತಳು. ಮಂಟಪದಲ್ಲಿ ನಡೆದದ್ದನ್ನೆಲ್ಲ ಹೇಳಿದಳು. ಆ ಹಿರಿಯರು ರೊಟ್ಟಿ ಎತ್ತಿಟ್ಟದ್ದನ್ನೂ, ತವರಿನ ಆ ಹುಣ್ಣಿಮೆಯನ್ನೂ, ಆಕಳನ್ನೂ, ಯಾರಿಗೂ ಹೇಳದ್ದನ್ನೆಲ್ಲ ಹೇಳಿದಳು. "ಅದಕ್ಕ ದೇವರ ರೊಟ್ಟಿ ನೀವ ಬಡೀರಿ ಅಂದಿದ್ದೆ ಅತ್ತಿ. ನನ್ನ ಕೈ ಅದಕ್ಕ ಬರಂಗಿಲ್ಲಂತ."

ಅನ್ನದಾನಮ್ಮ ಎಣ್ಣೆ ಬಟ್ಟಲನ್ನು ಕೆಳಗಿಟ್ಟಳು. "ನನ್ನ ರೊಟ್ಟಿ ನೋಡೀಯಲ್ಲ? ಎಂಥಾವು?"

"ಸ್ವಲ್ಪ ದಪ್ಪ ಇರ್ತಾವು."

"ಸ್ವಲ್ಪ ಅಲ್ಲವಾ, ಹಾಸುಗಲ್ಲು. ನನ್ನ ಮಗ ಸುಳ್ಳೇನು ಹೇಳಲ್ಲ. ಅಂಥಾವನ್ನ ಮಠಕ್ಕ ಹೆಂಗ ಕಳಿಸ್ಲಿ? ನೀನು ಬಂದ ಮೊದಲ ಶ್ರಾವಣದಿಂದ ಮಠಕ್ಕ ಹೋಗಿದ್ದು ನಿನ್ನವು. ನೀನು ನೀರಿಗೆ ಹೋದಾಗ ಬದಲಾಸಿ ಕಟ್ತಿದ್ದೆ. ನನ್ನವು ನಾನು, ನನ್ನ ಮಗ ತಿಂತಿದ್ವಿ."

ಪುಷ್ಪಲತಾ ಎದ್ದು ನಿಂತಳು. ಇಷ್ಟು ಶ್ರಾವಣ, ಇಷ್ಟು ಸೋಮವಾರ. ಖುಷಿಯಾಗಬೇಕಿತ್ತು, ಬಂದದ್ದು ಸಿಟ್ಟು. "ಒಂದ ಒಂದು ಮಾತು ಹೇಳಿದ್ರ ಏನಾಗ್ತಿತ್ತು ನಿಮಗ? ಇಷ್ಟು ವರ್ಷ ನಾನು ಹೆಂಗ ಒದ್ದಾಡೀನಿ ಗೊತ್ತೈತೇನು?" ಎಂದು ಕೂಗಿಯೇ ಬಿಟ್ಟಳು. ಅತ್ತೆಯ ಮೇಲೆ ದನಿ ಎತ್ತಿದ್ದು ಅದೇ ಮೊದಲು.

"ಹೇಳಿದ್ರ ಮರುದಿನದಿಂದ ನೀನು ಸೋಮವಾರ ಬಡಿಯಾದ ಬಿಡ್ತಿದ್ದಿ. ಆಗ ಮಠಕ್ಕ ನನ್ನ ಹಾಸುಗಲ್ಲು ಹೋಗ್ಬೇಕಾಗ್ತಿತ್ತು" ಎಂದಳು ಮುದುಕಿ. ಆಮೇಲೆ ದನಿ ತಗ್ಗಿಸಿ, "ನೀನ ಬಿಚ್ಕೊಳ್ಳೋ ಗಂಟು ಅದು. ನಾನು ಬಿಚ್ಚಿದ್ರ ನೀನು ಮತ್ತ ಕಟ್ಕೊಂತಿದ್ದಿ" ಎಂದಳು.

ಹೌದು, ಕಟ್ಟಿಕೊಳ್ಳುತ್ತಿದ್ದಳು. ಅದು ಪುಷ್ಪಲತಾಳಿಗೂ ಗೊತ್ತಿತ್ತು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು, ಆ ಸಿಟ್ಟಿನಲ್ಲೇ ಅಳು ಬಂತು. ಅನ್ನದಾನಮ್ಮ ಎಣ್ಣೆಗೈಯನ್ನು ಸೀರೆಗೆ ಒರೆಸಿಕೊಂಡು ಸೊಸೆಯ ಬೆನ್ನ ಮೇಲಿಟ್ಟಳು. "ನಾಳೆ ಸೋಮವಾರ. ಮೊಣಕೈ ಹಿಡ್ಕೊಂಡೈತಿ, ನಾನಂತೂ ಬಡಿಯಾಕಿಲ್ಲ. ನೋಡು ಏನು ಮಾಡ್ತಿ" ಎಂದು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಪುಷ್ಪಲತಾ ಮಿಂದು ಒಲೆಯ ಮುಂದೆ ಕೂತಳು. ಮೊದಲ ಉಂಡೆ ಕೈಗೆತ್ತಿಕೊಂಡಾಗ ಹಳೆಯ ಅಂಜಿಕೆ ಒಮ್ಮೆ ತಲೆ ಎತ್ತಿತು, ಎರಡು ಬೆರಳು, ಉಂಗುರ ಎಲ್ಲ ಕಂಡವು. ಕಂಡರೆ ಕಾಣಲಿ ಎಂದುಕೊಂಡು ಬಡಿದಳು. ಬುಟ್ಟಿ ತುಂಬಿದ ಮೇಲೆ ನೀರಿಗೆ ಹೋಗಲಿಲ್ಲ. ಬಿಳಿ ಬಟ್ಟೆ ಹಾಸಿ, ಮನೆಗಷ್ಟು ಬಿಟ್ಟು ಉಳಿದ ರೊಟ್ಟಿಗಳನ್ನು ಎಣಿಸದೆ ಪೇರಿಸಿ, ಗಂಟು ಕಟ್ಟಿ, ತಾನೇ ಹೊತ್ತುಕೊಂಡು ಮಠಕ್ಕೆ ಹೋಗಿ ಕೊಟ್ಟು ಬಂದಳು. ಸೆರಗು ಎಡಗೈಗೆ ಸುತ್ತಿಕೊಳ್ಳುವುದು ಅಂದು ಮರೆತೇ ಹೋಗಿತ್ತು. ಬರುವ ದಾರಿಯಲ್ಲಿ ರೊಟ್ಟಿ ಮನೆಗೆ ಇಣುಕಿ, "ಅಕ್ಕಾ, ನನ್ನ ಒಲಿ ಬಾಗಿಲ ಕಡೆ ತಿರುಗಿಸಿಡು, ಮನಿ ಮಂದಿಗೆ ಉಣ್ಣಾಕಿಟ್ಟು ಬರ್ತೀನಿ" ಎಂದು ಕೂಗಿದಳು.

ಮನೆಯಲ್ಲಿ ಗವಿಸಿದ್ದೇಶ್ ಊಟಕ್ಕೆ ಕೂತಿದ್ದ. ಹಲ್ಲು ಗಟ್ಟಿ ಮಾಡಿಕೊಂಡು ರೊಟ್ಟಿಗೆ ಕೈ ಹಾಕಿದವನಿಗೆ ಅದು ಹಪ್ಪಳದಂತೆ ಪಟ್ಟನೆ ಮುರಿದು ಬಂತು. ತುಂಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಗೋಡೆಯ ಕ್ಯಾಲೆಂಡರ್ ನೋಡಿದ. ತಾಯಿಯ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. ಇಬ್ಬರೂ ಅವನತ್ತ ನೋಡಲಿಲ್ಲ.

"ಅಲ್ಲಬೇ" ಎಂದ ಕೊನೆಗೆ, "ಇವತ್ತು ಸೋಮವಾರ ಹೌದೋ ಅಲ್ಲೋ?"